ಡೌನ್ ಸಿಂಡ್ರೋಮ್ ಮಗುವಿನ ಹೃದಯದಲ್ಲಿ ತೂತು ಯಾಕೆ ಬರುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಕ್ಕಳ ವೈದ್ಯೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಅಪ್ಪ ಅಮ್ಮಂದಿರು ಎದುರು ಕೂತು ಕೇಳಿದ, ಪತ್ರದಲ್ಲಿ ಬರೆದ ಪ್ರಶ್ನೆಗಳು ಇವು. ಆದಷ್ಟೂ ಅವರ ಮಾತಿನಲ್ಲೇ ಇಟ್ಟಿದ್ದೇನೆ. ನಮ್ಮಲ್ಲಿ ಮಗುವಿನ ಫೈಲು ಇಂಗ್ಲಿಷಿನಲ್ಲಿ, ಸರಕಾರದ ಕಾಗದ ಮಲಯಾಳದಲ್ಲಿ, ಮನೆಯ ಮಾತು ಕನ್ನಡದಲ್ಲೋ ತುಳುವಿನಲ್ಲೋ. ಹೀಗಾಗಿ ಮುಖ್ಯವಾದ ವಿಷಯವೇ ಎಷ್ಟೋ ಸಲ ಮನೆಗೆ ಮುಟ್ಟುವುದಿಲ್ಲ. ಮಗು ಈಗಷ್ಟೇ ಹುಟ್ಟಿದ್ದರೆ ಎರಡನೇ ಭಾಗವನ್ನು ಮೊದಲು ಓದಿ.

## ಎಲ್ಲರೂ ಮೊದಲು ಕೇಳುವುದು

"ಡೌನ್ ಸಿಂಡ್ರೋಮ್ ಅಂದ್ರೆ ಬುದ್ಧಿ ಬೆಳೆಯುವುದು ನಿಧಾನ ಅಂತಲ್ವಾ? ಅದಕ್ಕೂ ಹೃದಯಕ್ಕೂ ಏನು ಸಂಬಂಧ?"

ನಮ್ಮ ಮೈಯ ಜೀವಕೋಶಗಳಲ್ಲಿ 46 ಕ್ರೋಮೊಸೋಮ್‌ಗಳಿರುತ್ತವೆ, ಅಂದರೆ 23 ಜೋಡಿ. ಡೌನ್ ಸಿಂಡ್ರೋಮ್ ಇದ್ದವರಲ್ಲಿ 21ನೇ ಕ್ರೋಮೊಸೋಮ್ ಎರಡರ ಬದಲು ಮೂರು ಇರುತ್ತದೆ. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಈ ಲಕ್ಷಣಗಳನ್ನು 1866ರಲ್ಲೇ ಬರೆದಿಟ್ಟಿದ್ದರು. ಮೂರನೇ ಕ್ರೋಮೊಸೋಮ್ ಇದಕ್ಕೆ ಕಾರಣ ಅಂತ ಪ್ಯಾರಿಸ್‌ನಲ್ಲಿ ಜೆರೋಮ್ ಲೆಜೂನ್, ಮಾರ್ಥ್ ಗೋತಿಯೆ, ರೇಮೊಂ ತುರ್ಪಾ ಪ್ರಕಟಿಸಿದ್ದು 1959ರಲ್ಲಿ.

ಈ ಹೆಚ್ಚಿನ ಕ್ರೋಮೊಸೋಮ್ ಮೆದುಳಿನಲ್ಲಿ ಮಾತ್ರ ಇರುವುದಲ್ಲ. ಗರ್ಭದ ಮೊದಲ ದಿನದಿಂದಲೇ ಮೈಯ ಎಲ್ಲ ಕಡೆ ಇರುತ್ತದೆ. ಆದ್ದರಿಂದ ಥೈರಾಯ್ಡ್, ಕರುಳು, ಕಿವಿ, ಕಣ್ಣು, ಹೃದಯ ಯಾವುದಕ್ಕೂ ತೊಂದರೆ ಆಗಬಹುದು. ಜೀವಕ್ಕೆ ಬೇಗ ಅಪಾಯ ತರುವುದು ಇವುಗಳಲ್ಲಿ ಹೃದಯವೇ.

"ಈ ಮಕ್ಕಳಿಗೆಲ್ಲ ಹೃದಯದಲ್ಲಿ ತೂತು ಇದ್ದೇ ಇರ್ತದಾ?"

ಇಲ್ಲ. ಸುಮಾರು ಅರ್ಧದಷ್ಟು ಮಕ್ಕಳ ಹೃದಯ ಪೂರ್ತಿ ಸರಿಯಾಗಿರುತ್ತದೆ. ಉಳಿದ ಅರ್ಧದಷ್ಟು ಮಕ್ಕಳಿಗೆ ಹುಟ್ಟುವಾಗಲೇ ಯಾವುದಾದರೊಂದು ತೊಂದರೆ ಇರುತ್ತದೆ. ಬೇರೆ ಮಕ್ಕಳಲ್ಲಿ ಇದು ಸುಮಾರು ನೂರಕ್ಕೆ ಒಂದು ಮಾತ್ರ. ವ್ಯತ್ಯಾಸ ಎಷ್ಟು ದೊಡ್ಡದು ನೋಡಿ.

ಜಾಸ್ತಿ ಕಾಣುವುದು ಎವಿಎಸ್‌ಡಿ. ಹೃದಯದ ಸರೀ ನಡುವಿನಲ್ಲಿ, ನಾಲ್ಕು ಕೋಣೆಗಳೂ ಕೂಡುವ ಜಾಗದಲ್ಲಿ ಗೋಡೆ ಇಲ್ಲದಿರುವುದು. ಕೆಳಗಿನ ಎರಡು ಕೋಣೆಗಳ ನಡುವೆ ತೂತಾದರೆ ವಿಎಸ್‌ಡಿ, ಮೇಲಿನ ಎರಡರ ನಡುವೆ ಆದರೆ ಎಎಸ್‌ಡಿ. ಹುಟ್ಟಿದ ಮೇಲೆ ಮುಚ್ಚಬೇಕಾದ ಒಂದು ರಕ್ತನಾಳ ತೆರೆದೇ ಉಳಿದರೆ ಪಿಡಿಎ. ಕೆಲವರಿಗೆ ಫ್ಯಾಲೋಟ್ ಟೆಟ್ರಾಲಜಿ ಇರುತ್ತದೆ, ಅದರಲ್ಲಿ ಮಗು ನೀಲಿಗಟ್ಟಬಹುದು.

"ಬಸುರಿಯಾಗಿದ್ದಾಗ ಗ್ರಹಣದ ದಿನ ಹೊರಗೆ ಬಂದಿದ್ದೆ. ಅತ್ತೆ ಅದನ್ನೇ ಹೇಳ್ತಾ ಇದ್ದಾರೆ. ನನ್ನಿಂದಲೇ ಹೀಗಾಯ್ತಾ?"

ಇಲ್ಲಮ್ಮಾ, ನಿಮ್ಮಿಂದ ಆದದ್ದಲ್ಲ. ಗ್ರಹಣದಿಂದಲೂ ಅಲ್ಲ, ಪಪ್ಪಾಯಿ ತಿಂದದ್ದರಿಂದಲೂ ಅಲ್ಲ, ಭಾರದ ಕೊಡ ಎತ್ತಿದ್ದರಿಂದಲೂ ಅಲ್ಲ. ಬೇರೆ ಬೇರೆ ರೂಪದಲ್ಲಿ ನನ್ನ ಮುಂದೆ ಬರುವುದು ಇದೇ ಪ್ರಶ್ನೆ. ಕೇಳುವಾಗ ಅಮ್ಮಂದಿರ ಕಣ್ಣು ನೆಲದ ಮೇಲಿರುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಸಲ ಆ ಹೆಚ್ಚಿನ ಕ್ರೋಮೊಸೋಮ್ ಬರುವುದು ಅಂಡದಿಂದ. ಅಂಡ ತಯಾರಾಗುವಾಗ ಜೋಡಿ ಕ್ರೋಮೊಸೋಮ್‌ಗಳು ಬೇರೆಯಾಗಬೇಕು. ಆ ಕೆಲಸ ಶುರುವಾಗುವುದು ನೀವು ನಿಮ್ಮ ಅಮ್ಮನ ಹೊಟ್ಟೆಯಲ್ಲಿದ್ದಾಗ. ಅಲ್ಲಿಗೇ ನಿಂತು, ಎಷ್ಟೋ ವರ್ಷ ಬಿಟ್ಟು, ಆ ಅಂಡ ಹೊರಬರುವ ಹೊತ್ತಿಗೆ ಮುಂದುವರಿಯುತ್ತದೆ. ಇಷ್ಟು ಉದ್ದದ ಕೆಲಸದಲ್ಲಿ ಕೆಲವೊಮ್ಮೆ ಒಂದು ಜೋಡಿ ಬೇರೆಯಾಗುವುದೇ ಇಲ್ಲ. ಅಂದರೆ ಗರ್ಭ ನಿಲ್ಲುವ ಮೊದಲೇ ಎಲ್ಲ ಆಗಿ ಹೋಗಿರುತ್ತದೆ. ಆಮೇಲೆ ನೀವು ತಿಂದದ್ದು, ನಡೆದದ್ದು, ಮಲಗಿದ್ದು ಯಾವುದೂ ಅದನ್ನು ತಂದಿಲ್ಲ. ಈ ಮಾತನ್ನು ಅತ್ತೆಯವರಿಗೂ ಓದಿ ಹೇಳಿ. ಅವರನ್ನು ಕರೆದುಕೊಂಡು ಬಂದರೆ ನಾನೇ ಹೇಳುತ್ತೇನೆ.

"ನನ್ನ ಹೆಂಡತಿಗೆ ಇನ್ನೂ 24. ವಯಸ್ಸಾದವರಿಗೆ ಮಾತ್ರ ಹೀಗಾಗುವುದು ಅಂತಾರಲ್ಲ?"

ವಯಸ್ಸು ಏರಿದ ಹಾಗೆ ಸಾಧ್ಯತೆ ಏರುತ್ತದೆ ಎನ್ನುವುದು ನಿಜ. 20ರ ಹರೆಯದಲ್ಲಿ ಸುಮಾರು 1500ಕ್ಕೆ ಒಂದು, 35ಕ್ಕೆ ಸುಮಾರು 350ಕ್ಕೆ ಒಂದು, 40ಕ್ಕೆ ಸುಮಾರು 100ಕ್ಕೆ ಒಂದು. ಆದರೆ ಮಕ್ಕಳು ಜಾಸ್ತಿ ಹುಟ್ಟುವುದೇ ಚಿಕ್ಕ ವಯಸ್ಸಿನ ಅಮ್ಮಂದಿರಿಗೆ. ಹಾಗಾಗಿ ಇಂಥ ಮಕ್ಕಳ ಅಮ್ಮಂದಿರಲ್ಲೂ ಚಿಕ್ಕ ವಯಸ್ಸಿನವರೇ ಹೆಚ್ಚು.

"ನಮ್ಮ ಮನೆ ಗೇರು ತೋಟದ ಪಕ್ಕ. ಇದು ಎಂಡೋಸಲ್ಫಾನ್‌ನಿಂದ ಆದದ್ದಾ?"

ಎಣ್ಮಕಜೆ, ಬೆಳ್ಳೂರು ಕಡೆಯವರು ಈ ಪ್ರಶ್ನೆ ಕೇಳದೆ ಹೋಗುವುದಿಲ್ಲ. ಕೇಳುವುದು ಸರಿಯೇ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರ್‌ನಿಂದ ಆ ಕೀಟನಾಶಕ ವಿಷ ಸುರಿದದ್ದು ನಮ್ಮ ಜಿಲ್ಲೆ ಮರೆಯುವ ಸಂಗತಿ ಅಲ್ಲ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆದದ್ದು 2011ರಲ್ಲಿ.

ಆದರೆ ಡೌನ್ ಸಿಂಡ್ರೋಮ್ ಬೇರೆ ವಿಷಯ. ಲೋಕದ ಎಲ್ಲ ಊರುಗಳಲ್ಲೂ, ವಿಷ ಬೀಳದ ಕಡೆಗಳಲ್ಲೂ ಇದು ಇದೆ. ಎಂಡೋಸಲ್ಫಾನ್ ಇದನ್ನು ತರುತ್ತದೆ ಎಂದು ಸಾಬೀತಾಗಿಲ್ಲ. ಕ್ಯಾರಿಯೋಟೈಪ್ ಎಂಬ ರಕ್ತ ಪರೀಕ್ಷೆ ಮಾಡಿಸಿದರೆ ಮಗುವಿಗೆ ಇರುವುದು ಡೌನ್ ಸಿಂಡ್ರೋಮ್ ಹೌದೋ ಅಲ್ಲವೋ ಅಂತ ಖಚಿತವಾಗುತ್ತದೆ. ನಮ್ಮೂರಿನಲ್ಲಿ ಈ ಪರೀಕ್ಷೆ ಬಹಳ ಮುಖ್ಯ. ಯಾಕೆಂದರೆ "ಎಂಡೋಸಲ್ಫಾನ್ ಮಗು" ಅಂತ ಹೇಳಿ ಬಿಟ್ಟುಬಿಟ್ಟರೆ, ಆಪರೇಶನ್‌ನಿಂದ ಸರಿಯಾಗುವ ಹೃದಯವನ್ನು ಯಾರೂ ನೋಡದೆ ಹೋಗುತ್ತಾರೆ.

"ನಾವು ಸಂಬಂಧದಲ್ಲೇ ಮದುವೆಯಾದವರು. ಅದು ಕಾರಣವಾ?"

ಡೌನ್ ಸಿಂಡ್ರೋಮ್‌ಗೆ ಅದು ಕಾರಣ ಅಲ್ಲ. ಹತ್ತಿರದ ಸಂಬಂಧದ ಮದುವೆಯಲ್ಲಿ ಬೇರೆ ಕೆಲವು ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ, ಅದು ಪ್ರತ್ಯೇಕ ವಿಚಾರ.

## ಮಗು ಕೈಯಲ್ಲಿರುವಾಗ

"ಡಾಕ್ಟ್ರು ಸ್ಟೆತಸ್ಕೋಪ್ ಇಟ್ಟು ನೋಡಿ ಶಬ್ದ ಏನೂ ಇಲ್ಲ ಅಂದಿದ್ದಾರೆ. ಮತ್ತೆ ಸುಮ್ನೆ ಎಕೋ ಯಾಕೆ?"

ಶಬ್ದ ಇಲ್ಲದಿರುವುದೇ ಇಲ್ಲಿ ಮೋಸ ಮಾಡುವುದು. ಹುಟ್ಟಿದ ಮೊದಲ ವಾರಗಳಲ್ಲಿ ಶ್ವಾಸಕೋಶದ ರಕ್ತನಾಳಗಳು ಇನ್ನೂ ಬಿಗಿಯಾಗಿರುತ್ತವೆ. ಎಡಗಡೆ, ಬಲಗಡೆ ಎರಡರಲ್ಲೂ ಒತ್ತಡ ಹತ್ತಿರ ಹತ್ತಿರ ಒಂದೇ. ಹಾಗಿರುವಾಗ ನಡುವೆ ಎಷ್ಟು ದೊಡ್ಡ ತೂತಿದ್ದರೂ ರಕ್ತ ಅದರ ಮೂಲಕ ಜೋರಾಗಿ ನುಗ್ಗುವುದಿಲ್ಲ. ನುಗ್ಗದಿದ್ದರೆ ಶಬ್ದ ಇಲ್ಲ. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಈ ಬಿಗಿತ ತಡವಾಗಿ ಇಳಿಯುತ್ತದೆ, ಕೆಲವರಲ್ಲಿ ಇಳಿಯುವುದೇ ಇಲ್ಲ.

ಆದ್ದರಿಂದ ಡೌನ್ ಸಿಂಡ್ರೋಮ್ ಇರುವ ಪ್ರತಿ ಮಗುವಿಗೂ, ಶಬ್ದ ಇರಲಿ ಬಿಡಲಿ, ಮೊದಲ ತಿಂಗಳೊಳಗೆ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಆಗಬೇಕು. ಇದರಲ್ಲಿ ರಾಜಿ ಬೇಡ. ಸೂಜಿ ಇಲ್ಲ, ನೋವಿಲ್ಲ. ಮಗು ಹಾಲು ಕುಡಿದು ಮಲಗಿದ್ದಾಗ ಎದೆಗೆ ಜೆಲ್ ಹಚ್ಚಿ ನೋಡುತ್ತಾರೆ.

ಪರದೆಯಲ್ಲಿ ಕಾಣುವ ಒಂದು ಗುರುತು ಹೇಳುತ್ತೇನೆ. ಸರಿಯಾದ ಹೃದಯದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವ ಎರಡು ಕವಾಟಗಳು ಒಂದೇ ಮಟ್ಟದಲ್ಲಿ ಇರುವುದಿಲ್ಲ. ಬಲಗಡೆಯದ್ದು ಎಡಗಡೆಯದ್ದಕ್ಕಿಂತ ಚೂರು ಕೆಳಗೆ ಅಂಟಿಕೊಂಡಿರುತ್ತದೆ. ಎವಿಎಸ್‌ಡಿಯಲ್ಲಿ ಆ ಮೆಟ್ಟಿಲು ಮಾಯ. ಎರಡೂ ಒಂದೇ ನೇರ ಗೆರೆಯಲ್ಲಿ ಕಾಣುತ್ತವೆ, ಪೂರ್ತಿ ಎವಿಎಸ್‌ಡಿ ಆದರೆ ಎರಡರ ಬದಲು ಒಂದೇ ದೊಡ್ಡ ಕವಾಟ.

"ಮನೆಯಲ್ಲಿ ನಮಗೆ ಹೇಗೆ ಗೊತ್ತಾಗುವುದು?"

ಹಾಲು ಕುಡಿಯುವಾಗ ನೋಡಿ. ಮಗು ನಾಲ್ಕು ಸಲ ಚೀಪುತ್ತದೆ, ಬಿಡುತ್ತದೆ. ಏದುಸಿರು. ಮೂಗಿನ ಹೊಳ್ಳೆ ಅರಳುತ್ತದೆ, ಪಕ್ಕೆ ಒಳಗೆ ಹೋಗುತ್ತದೆ. ಹಣೆಯ ಮೇಲೆ ಬೆವರು ಹನಿಯುತ್ತದೆ, ಫ್ಯಾನ್ ಕೆಳಗೆ ಇದ್ದರೂ. ಅರ್ಧ ಹೊಟ್ಟೆಗೇ ಸುಸ್ತಾಗಿ ನಿದ್ದೆ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಹಸಿದು ಅಳುತ್ತದೆ. ತೂಕ ಏರುವುದಿಲ್ಲ. ಇದು ಹೆಚ್ಚಾಗಿ ಒಂದು ತಿಂಗಳಿಂದ ಎರಡು ತಿಂಗಳೊಳಗೆ ಶುರುವಾಗುತ್ತದೆ. "ಈ ಮಕ್ಕಳು ಹಾಲು ಕುಡಿಯುವುದೇ ನಿಧಾನ" ಅಂತ ಬಿಟ್ಟುಬಿಡಬೇಡಿ. ತುಟಿ, ನಾಲಿಗೆ ನೀಲಿಯಾದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೊರಡಿ.

"ತೂತು ತನ್ನಷ್ಟಕ್ಕೆ ಮುಚ್ಚುವುದಿಲ್ವಾ? ಸ್ವಲ್ಪ ದೊಡ್ಡವನಾದ ಮೇಲೆ ಆಪರೇಶನ್ ಮಾಡಿಸಿದರೆ ಆಗದಾ?"

ಸಣ್ಣ ವಿಎಸ್‌ಡಿ, ಕೆಲವು ಎಎಸ್‌ಡಿ ಮುಚ್ಚಬಹುದು. ಪಿಡಿಎಯನ್ನು ಎಷ್ಟೋ ಸಲ ಎದೆ ತೆರೆಯದೆ, ತೊಡೆಯ ರಕ್ತನಾಳದಿಂದ ಸಾಧನ ಕಳಿಸಿ ಮುಚ್ಚುತ್ತಾರೆ. ಪೂರ್ತಿ ಎವಿಎಸ್‌ಡಿ ಮಾತ್ರ ತನ್ನಷ್ಟಕ್ಕೆ ಮುಚ್ಚುವುದಿಲ್ಲ. ಅಲ್ಲಿ ಬೆಳೆದು ಮುಚ್ಚಲು ಗೋಡೆಯೇ ಇಲ್ಲ.

ಇದರ ಆಪರೇಶನ್ ಸಾಮಾನ್ಯವಾಗಿ 3ರಿಂದ 6 ತಿಂಗಳ ಒಳಗೆ. "ಇಷ್ಟು ಚಿಕ್ಕದಕ್ಕಾ?" ಅಂತ ಅಜ್ಜಿಯಂದಿರು ಗಾಬರಿಯಾಗುತ್ತಾರೆ. ಕಾದರೆ ಏನಾಗುತ್ತದೆ ಕೇಳಿ. ತೂತಿನ ಮೂಲಕ ಹೆಚ್ಚಿನ ರಕ್ತ ಹಗಲು ರಾತ್ರಿ ಶ್ವಾಸಕೋಶಕ್ಕೆ ನುಗ್ಗುತ್ತದೆ. ಅಲ್ಲಿನ ಸಣ್ಣ ನಾಳಗಳ ಗೋಡೆ ದಪ್ಪವಾಗಿ ಗಡುಸಾಗುತ್ತದೆ. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಇದು ಬೇರೆ ಮಕ್ಕಳಿಗಿಂತ ಬೇಗ ಆಗುತ್ತದೆ. ಒಂದು ಹಂತ ದಾಟಿದರೆ ರಕ್ತ ತಿರುಗಿ ಹರಿಯಲು ಶುರುವಾಗುತ್ತದೆ, ಮಗು ನೀಲಿಗಟ್ಟುತ್ತದೆ. ಇದಕ್ಕೆ ಐಸೆನ್‌ಮೆಂಗರ್ ಸಿಂಡ್ರೋಮ್ ಎನ್ನುತ್ತಾರೆ. ಆಮೇಲೆ ತೂತು ಮುಚ್ಚಲು ಬರುವುದಿಲ್ಲ. ಇನ್ನೊಂದು ಮೋಸ ಇದೆ. ನಾಳಗಳು ಗಡುಸಾಗುವಾಗ ಮಗುವಿನ ಏದುಸಿರು ಕಡಿಮೆಯಾಗಿ, ತೂಕ ಏರಿ, ಹುಷಾರಾದ ಹಾಗೆ ಕಾಣಬಹುದು. ಮನೆಯವರು ಸಮಾಧಾನ ಪಡುವ ಆ ಹೊತ್ತಿನಲ್ಲೇ ಸಮಯ ಕೈ ತಪ್ಪಿ ಹೋಗುತ್ತಿರುತ್ತದೆ.

"ಇಂಥ ಮಗುವಿಗೆ ಇಷ್ಟು ದೊಡ್ಡ ಆಪರೇಶನ್ ಮಾಡಿಸಿ ಏನು ಪ್ರಯೋಜನ ಅಂತ ನೆಂಟರು ಕೇಳ್ತಾರೆ."

ಆ ಪ್ರಶ್ನೆ ನನಗೆ ನೋವು ಕೊಡುತ್ತದೆ. ಉತ್ತರ ಸ್ಪಷ್ಟವಾಗಿದೆ. ಒಳ್ಳೆಯ ಕೇಂದ್ರಗಳಲ್ಲಿ ಈ ಆಪರೇಶನ್‌ನಿಂದ ಬಹುಪಾಲು ಮಕ್ಕಳು ಚೆನ್ನಾಗಿ ಹೊರಬರುತ್ತಾರೆ. ಡೌನ್ ಸಿಂಡ್ರೋಮ್ ಇದ್ದ ಮಾತ್ರಕ್ಕೆ ಎವಿಎಸ್‌ಡಿ ಆಪರೇಶನ್‌ನ ಫಲ ಕೆಡುವುದಿಲ್ಲ. ಎಡಗಡೆಯ ಕವಾಟಕ್ಕೆ ಮತ್ತೆ ಆಪರೇಶನ್ ಬೇಕಾಗುವುದು ಈ ಮಕ್ಕಳಲ್ಲಿ ಬೇರೆಯವರಿಗಿಂತ ಕಡಿಮೆಯೇ. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ಇವರ ಸರಾಸರಿ ಆಯುಷ್ಯ 25 ವರ್ಷದಷ್ಟಿತ್ತು, ಈಗ ಸುಮಾರು 60. ಹೃದಯದ ಆಪರೇಶನ್ ಅದಕ್ಕೆ ದೊಡ್ಡ ಕಾರಣ. ಮಗು ನಿಮ್ಮದು, ಹೃದಯ ಮಗುವಿನದ್ದು. ನೆಂಟರ ಮಾತು ಅಷ್ಟಕ್ಕೇ ಇರಲಿ.

"ದುಡ್ಡು ಎಲ್ಲಿಂದ ತರುವುದು? ಮಂಗಳೂರಿಗೆ ಹೋಗುವುದಾ, ತಿರುವನಂತಪುರಕ್ಕಾ?"

ಕೇರಳ ಸರಕಾರದ "ಹೃದ್ಯಂ" ಯೋಜನೆ ಇರುವುದೇ ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಕ್ಕಳಿಗೆ. ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ವೈದ್ಯರು ವರದಿ ನೋಡಿ, ಎಷ್ಟು ತುರ್ತು ಅಂತ ತೀರ್ಮಾನಿಸಿ, ಯೋಜನೆಯ ಪಟ್ಟಿಯಲ್ಲಿರುವ ಆಸ್ಪತ್ರೆಗೆ ಕಳಿಸುತ್ತಾರೆ. ಆಪರೇಶನ್‌ಗೆ ಹಣ ಕೊಡಬೇಕಾಗಿಲ್ಲ. ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ಮಕ್ಕಳ ತೊಂದರೆಗಳನ್ನು ಬೇಗ ಪತ್ತೆ ಮಾಡಿ ನೆರವಾಗುವ ಜಿಲ್ಲೆಯ ಡಿಇಐಸಿ ಕೇಂದ್ರದಲ್ಲಿ ಕೇಳಿ, ನೋಂದಣಿಗೆ ಸಹಾಯ ಮಾಡುತ್ತಾರೆ. 2013ರಲ್ಲಿ ಶುರುವಾದ ಕೇಂದ್ರ ಸರಕಾರದ ಮಕ್ಕಳ ಆರೋಗ್ಯ ತಪಾಸಣೆ ಯೋಜನೆ ಆರ್‌ಬಿಎಸ್‌ಕೆಯ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್, ಹುಟ್ಟು ಹೃದಯದೋಷ ಎರಡೂ ಇವೆ.

ನಮ್ಮವರು ಹೆಚ್ಚಾಗಿ ಮೊದಲು ಹೋಗುವುದು ಮಂಗಳೂರಿಗೆ. ಎಕೋ ಅಲ್ಲಿ ಮಾಡಿಸಲು ಏನೂ ಅಡ್ಡಿ ಇಲ್ಲ. ಆದರೆ ಕರ್ನಾಟಕ ಸರಕಾರದ ಯೋಜನೆಗೆ ಅಲ್ಲಿನ ರೇಷನ್ ಕಾರ್ಡ್ ಬೇಕು, ನಮ್ಮದು ಕೇರಳದ್ದು. ಆ ಬಾಗಿಲಲ್ಲಿ ಕಾದು ವಾರಗಟ್ಟಲೆ ಕಳೆಯಬೇಡಿ. ಮಂಗಳೂರಿನ ಎಕೋ ವರದಿ ಕೈಗೆ ಸಿಕ್ಕ ಕೂಡಲೇ ಅದನ್ನೇ ಹಿಡಿದುಕೊಂಡು ಹೃದ್ಯಂ ನೋಂದಣಿಗೆ ಹೋಗಿ. ಮಲಯಾಳ ಓದಲು ಬರದಿದ್ದರೆ ಅಂಗನವಾಡಿ ಟೀಚರನ್ನು ಜೊತೆಗೆ ಕರೆದುಕೊಳ್ಳಿ.

"ಮುಂದಿನ ಮಗುವಿಗೂ ಹೀಗೇ ಆಗ್ತದಾ?"

ನೂರರಲ್ಲಿ ಸುಮಾರು 95 ಮಕ್ಕಳಲ್ಲಿ ಮೂರನೇ ಕ್ರೋಮೊಸೋಮ್ ಬಿಡಿಯಾಗಿ ಇರುತ್ತದೆ. ಹಾಗಿದ್ದರೆ ಮತ್ತೆ ಬರುವ ಸಾಧ್ಯತೆ ಸುಮಾರು ನೂರಕ್ಕೆ ಒಂದು. ವಯಸ್ಸು ಜಾಸ್ತಿಯಾದರೆ ಅದಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚು. ಮೂರು ನಾಲ್ಕು ಮಕ್ಕಳಲ್ಲಿ ಅದು ಬೇರೆ ಕ್ರೋಮೊಸೋಮ್‌ಗೆ ಅಂಟಿಕೊಂಡಿರುತ್ತದೆ. ಆಗ ಅಪ್ಪ ಅಮ್ಮ ಇಬ್ಬರೂ ಪರೀಕ್ಷೆ ಮಾಡಿಸಬೇಕು. ಅಮ್ಮನಲ್ಲಿ ಆ ಅಂಟು ಇದ್ದರೆ ಸಾಧ್ಯತೆ ನೂರಕ್ಕೆ ಹತ್ತು ಹದಿನೈದರವರೆಗೆ ಹೋಗುತ್ತದೆ. ಮಗುವಿನ ಕ್ಯಾರಿಯೋಟೈಪ್ ಕಾಗದವನ್ನು ಜೋಪಾನವಾಗಿ ಇಡಿ.

## ಹೃದಯ ಕಟ್ಟುವ ವಾರಗಳು

"ಹೊಟ್ಟೆಯಲ್ಲಿ ಹೃದಯ ಯಾವಾಗ ತಯಾರಾಗುವುದು?"

ಗರ್ಭ ನಿಂತು ಸುಮಾರು 22 ದಿನಕ್ಕೆ ಅದು ಬಡಿಯಲು ಶುರುಮಾಡುತ್ತದೆ. ಮುಟ್ಟು ತಪ್ಪಿ ಆಗಿನ್ನೂ ಒಂದು ವಾರ ಆಗಿರುತ್ತದೆ, ಅಷ್ಟೇ. ಆಗ ಅದು ಬರೀ ಒಂದು ಕೊಳವೆ. ಕೋಣೆಗಳಿಲ್ಲ, ಗೋಡೆಗಳಿಲ್ಲ. ಮುಂದಿನ ದಿನಗಳಲ್ಲಿ ಕೊಳವೆ ಬಲಕ್ಕೆ ಬಾಗಿ ಮಡಚಿಕೊಳ್ಳುತ್ತದೆ. ನಾಲ್ಕನೇ ವಾರದಿಂದ ಎಂಟನೇ ವಾರದ ಒಳಗೆ ಗೋಡೆಗಳೆದ್ದು ನಾಲ್ಕು ಕೋಣೆಗಳಾಗುತ್ತವೆ. ಗಮನಿಸಿ, ಡಾಕ್ಟರುಗಳು ಲೆಕ್ಕ ಹಾಕುವುದು ಕೊನೆಯ ಮುಟ್ಟಿನಿಂದ. ಅವರ ಲೆಕ್ಕಕ್ಕೆ ಬರಬೇಕಾದರೆ ನಾನು ಹೇಳಿದ ವಾರಗಳಿಗೆ ಎರಡು ಸೇರಿಸಿ.

"ತೂತು ಸರೀ ನಡುವಿನಲ್ಲೇ ಯಾಕೆ ಉಳಿಯುವುದು?"

ಯಾಕೆಂದರೆ ನಡು ಒಂದೇ ಕಡೆಯಿಂದ ಬೆಳೆದು ಮುಚ್ಚುವ ಜಾಗ ಅಲ್ಲ. ಕೊಳವೆಯ ಒಳಗೆ, ಮೇಲಿನ ಕೋಣೆಯೂ ಕೆಳಗಿನ ಕೋಣೆಯೂ ಸೇರುವಲ್ಲಿ, ಎದುರೆದುರಾಗಿ ಎರಡು ಮೆತ್ತೆಗಳು ಉಬ್ಬುತ್ತವೆ. ಇವಕ್ಕೆ ಎಂಡೋಕಾರ್ಡಿಯಲ್ ಕುಶನ್ ಎಂದು ಹೆಸರು. ಮೇಲಿನಿಂದ ಮೇಲ್ಕೋಣೆಯ ಗೋಡೆ ಇಳಿಯುತ್ತದೆ, ಅದರ ತುದಿಯಲ್ಲೂ ಅಂಥದೇ ಒಂದು ಮೆತ್ತೆ. ಇನ್ನೊಂದು ತುಂಡು ಹೃದಯದ ಹೊರಗಿನಿಂದ, ಹಿಂಬದಿಯಿಂದ ಒಳಗೆ ಚಾಚುತ್ತದೆ. ಅದನ್ನು ವೆಸ್ಟಿಬ್ಯುಲರ್ ಸ್ಪೈನ್ ಎನ್ನುತ್ತಾರೆ. ಈ ನಾಲ್ಕೂ ನಡುವಿನಲ್ಲಿ ಬಂದು ಕೂಡಿದರೆ ನಡು ಮುಚ್ಚುತ್ತದೆ. ಎಡ ಬಲ ಕವಾಟಗಳೂ ಬೇರೆ ಬೇರೆಯಾಗುತ್ತವೆ.

ನಮ್ಮ ಕಡೆ ಮಳೆ ಮುಗಿದ ಮೇಲೆ ತೋಡಿಗೆ ಕಟ್ಟ ಕಟ್ಟುತ್ತಾರಲ್ಲ, ಹಾಗೆ. ಎರಡು ದಡದಿಂದಲೂ ಕಲ್ಲು ಮಣ್ಣು ಹಾಕುತ್ತಾ ಬರುತ್ತಾರೆ. ಒಂದು ಕಡೆಯವರು ಹಿಂದೆ ಬಿದ್ದರೆ, ಉಳಿದವರು ಎಷ್ಟು ಚೆನ್ನಾಗಿ ಕಟ್ಟಿದ್ದರೂ ನೀರು ನಡುವಿನಿಂದಲೇ ನುಗ್ಗುತ್ತದೆ.

ಕುಶನ್‌ಗಳಲ್ಲೇ ದೋಷ ಅಂತ ಬಹಳ ಕಾಲ ಎಲ್ಲರೂ ನಂಬಿದ್ದರು. ಹಳೆಯ ಫೈಲುಗಳಲ್ಲಿ "ಎಂಡೋಕಾರ್ಡಿಯಲ್ ಕುಶನ್ ಡಿಫೆಕ್ಟ್" ಅಂತ ಕಾಣುವುದು ಅದಕ್ಕೇ. ಡೌನ್ ಸಿಂಡ್ರೋಮ್ ಇದ್ದ ಭ್ರೂಣಗಳ ಹೃದಯವನ್ನು ಸೂಕ್ಷ್ಮವಾಗಿ ನೋಡಿದಾಗ ಬೇರೆಯದೇ ಕಂಡಿತು. ಹಿಂಬದಿಯಿಂದ ಚಾಚಬೇಕಾದ ವೆಸ್ಟಿಬ್ಯುಲರ್ ಸ್ಪೈನ್ ಗಿಡ್ಡವಾಗಿತ್ತು. ಕುಶನ್‌ಗಳು ಇದ್ದವು, ಆದರೆ ಕೂಡಿರಲಿಲ್ಲ. ಅಂದರೆ ಇದು ತಯಾರಾದ ಗೋಡೆಗೆ ಆಮೇಲೆ ಬಿದ್ದ ತೂತಲ್ಲ. ಹೊತ್ತಿಗೆ ಸರಿಯಾಗಿ ಕೂಡದೆ ಹೋದ ತುಂಡುಗಳ ನಡುವಿನ ಸಂದು.

ಇನ್ನೊಂದು ವಿಷಯವೂ ಇದನ್ನೇ ಹೇಳುತ್ತದೆ. ದೊಡ್ಡ ರಕ್ತನಾಳಗಳೆರಡು ಅದಲು ಬದಲಾಗುವ ತೊಂದರೆ ಡೌನ್ ಸಿಂಡ್ರೋಮ್‌ನಲ್ಲಿ ಬಹಳ ಅಪರೂಪ. ಹೆಚ್ಚಿನ ಕ್ರೋಮೊಸೋಮ್ ಇಡೀ ಹೃದಯವನ್ನು ಮನಬಂದಂತೆ ಕೆಡಿಸುವುದಿಲ್ಲ. ಅದರ ಪೆಟ್ಟು ಮುಖ್ಯವಾಗಿ ಬೀಳುವುದು ಈ ನಡುವಿಗೆ.

## ಜೀನ್‌ಗಳ ಮಾತು

"ಒಂದು ಕ್ರೋಮೊಸೋಮ್ ಜಾಸ್ತಿ ಇದ್ದರೆ ಗೋಡೆ ಕಡಿಮೆ ಆಗುವುದು ಹೇಗೆ?" (ಬಿಎಸ್ಸಿ ವಿದ್ಯಾರ್ಥಿನಿಯೊಬ್ಬಳ ಪತ್ರದಿಂದ)

ಚೆನ್ನಾಗಿ ಕೇಳಿದ್ದೀಯಮ್ಮ. 21ನೇ ಕ್ರೋಮೊಸೋಮ್ ನಮ್ಮ ಕ್ರೋಮೊಸೋಮ್‌ಗಳಲ್ಲೇ ಚಿಕ್ಕದು. ಪ್ರೋಟೀನ್ ತಯಾರಿಸುವ ಜೀನ್‌ಗಳು ಅದರಲ್ಲಿ ಇನ್ನೂರಕ್ಕಿಂತ ಸ್ವಲ್ಪ ಹೆಚ್ಚು. ಮೂರು ಪ್ರತಿ ಇದ್ದಾಗ ಒಂದೊಂದು ಜೀನಿನ ಕೆಲಸವೂ ಸುಮಾರು ಒಂದೂವರೆ ಪಟ್ಟು. ಜೀನ್ ಕೆಟ್ಟಿಲ್ಲ, ಅಳತೆ ಹೆಚ್ಚಾಗಿದೆ. ಭ್ರೂಣದಲ್ಲಿ ಯಾವ ಜೀವಕೋಶ ಯಾವಾಗ ಎಷ್ಟು ಹೆಚ್ಚಬೇಕು ಎನ್ನುವುದಕ್ಕೆ ಬಿಗಿಯಾದ ಲೆಕ್ಕ ಇದೆ. ಆ ಲೆಕ್ಕ ತಪ್ಪುತ್ತದೆ.

ಯಾವ ಜೀನ್ ಎಂದು ಹುಡುಕಲು ಇಲಿಗಳು ನೆರವಾದವು. ಅವುಗಳಲ್ಲಿ ಈ ಕ್ರೋಮೊಸೋಮಿಗೆ ಸಮನಾದ ಭಾಗವನ್ನು ಮೂರು ಪ್ರತಿ ಮಾಡಿದರೆ ಹೃದಯದಲ್ಲಿ ಇಂಥದೇ ದೋಷ ಬರುತ್ತದೆ. ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯವರು ಸೇರಿದ್ದ ತಂಡ 2024ರಲ್ಲಿ ಡಿವೈಆರ್‌ಕೆ1ಎ ಎಂಬ ಜೀನನ್ನು ತೋರಿಸಿತು. ಇಲಿಗಳಲ್ಲಿ ಅದರ ಮೂರನೇ ಪ್ರತಿ ಇಲ್ಲದೆ ಈ ದೋಷ ಬರುವುದಿಲ್ಲ. ಅದೊಂದೇ ಇದ್ದರೂ ಸಾಲದು, ಜೊತೆಗೆ ಇನ್ನೊಂದಾದರೂ ಜೀನ್ ಬೇಕು. ಡಿವೈಆರ್‌ಕೆ1ಎ ಹೆಚ್ಚಾದಾಗ ಹೃದಯದ ಜೀವಕೋಶಗಳು ಒಡೆದು ಹೆಚ್ಚುವುದು ನಿಧಾನವಾಗುತ್ತದೆ, ಅವುಗಳ ಶಕ್ತಿ ತಯಾರಿಕೆಯೂ ಕುಗ್ಗುತ್ತದೆ. 2025ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಗ್ಲಾಡ್‌ಸ್ಟೋನ್ ಸಂಸ್ಥೆಯವರು ಎಚ್‌ಎಂಜಿಎನ್1 ಎಂಬ ಇನ್ನೊಂದು ಜೀನನ್ನು ಹೆಸರಿಸಿದರು. ಅದು ಹೆಚ್ಚಾದರೆ ನಡುವಿನ ಜೀವಕೋಶಗಳು ತಮ್ಮ ಗುಣ ಬಿಟ್ಟು ಕೆಳಕೋಣೆಯ ಜೀವಕೋಶಗಳ ಹಾಗಾಗುತ್ತವೆ.

"ಇಬ್ಬರಿಗೂ ಅದೇ ಕ್ರೋಮೊಸೋಮ್. ನಮ್ಮ ಮಗಳಿಗೆ ತೂತಿದೆ, ಪಕ್ಕದ ಮನೆಯ ಹುಡುಗನಿಗಿಲ್ಲ. ಯಾಕೆ?"

ಹೆಚ್ಚಿನ ಕ್ರೋಮೊಸೋಮ್ ಅಪಾಯವನ್ನು ಬಹಳ ಏರಿಸುತ್ತದೆ, ಆದರೆ ಅದೊಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಬೇರೆ ಕ್ರೋಮೊಸೋಮ್‌ಗಳಲ್ಲಿರುವ ಚಿಕ್ಕ ವ್ಯತ್ಯಾಸಗಳೂ ಸೇರಿಕೊಳ್ಳುತ್ತವೆ. 3ನೇ ಕ್ರೋಮೊಸೋಮ್‌ನ ಕ್ರೆಲ್ಡ್1 ಜೀನಿನ ಬದಲಾವಣೆ ಎವಿಎಸ್‌ಡಿ ಇರುವ ಕೆಲವರಲ್ಲಿ ಕಂಡಿದೆ. ಡೌನ್ ಸಿಂಡ್ರೋಮ್‌ನಲ್ಲಿ ಎವಿಎಸ್‌ಡಿ ಹುಡುಗಿಯರಲ್ಲಿ ಹೆಚ್ಚು. ಅಮ್ಮ ಫೋಲಿಕ್ ಆಸಿಡ್ ತೆಗೆದುಕೊಳ್ಳದಿದ್ದ ಗರ್ಭಗಳಲ್ಲಿ ಎವಿಎಸ್‌ಡಿ ಸ್ವಲ್ಪ ಹೆಚ್ಚಾಗಿ ಕಂಡದ್ದೂ ಉಂಟು, ಅದೇ ಕಾರಣ ಅಂತ ಹೇಳುವಷ್ಟು ಆಧಾರ ಸಾಲದು. ಉಳಿದದ್ದು ಆಕಸ್ಮಿಕ. ಕೆಲವೇ ದಿನಗಳಲ್ಲಿ ಮುಗಿಯಬೇಕಾದ ಕೆಲಸದಲ್ಲಿ ಒಂದು ತುಂಡು ಕೂದಲೆಳೆಯಷ್ಟು ಮುಂದೆ ಬಂದು ಮುಟ್ಟುತ್ತದೆ, ಇನ್ನೊಂದರಲ್ಲಿ ಮುಟ್ಟುವುದಿಲ್ಲ.

"ಹೊಟ್ಟೆಯಲ್ಲಿರುವಾಗಲೇ ಮದ್ದು ಕೊಟ್ಟು ತಡೆಯಲು ಬರುವುದಿಲ್ವಾ?"

ಇಲಿಗಳಲ್ಲಿ ಸ್ವಲ್ಪ ಮಟ್ಟಿಗೆ ಬಂದಿದೆ. ಬಸುರಿ ಇಲಿಗೆ ಡಿವೈಆರ್‌ಕೆ1ಎ ತಗ್ಗಿಸುವ ಮದ್ದು ಕೊಟ್ಟಾಗ ಮರಿಗಳ ಹೃದಯದೋಷ ಒಂದಷ್ಟು ಕಡಿಮೆಯಾಯಿತು. ಮನುಷ್ಯರಿಗೆ ಅಂಥ ಮದ್ದು ಈಗ ಇಲ್ಲ. ಇದೆ ಅಂತ ಯಾರಾದರೂ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ.

ಮನುಷ್ಯರಲ್ಲಿ ದೊಡ್ಡ ಅಡ್ಡಿ ಸಮಯದ್ದು. ಅಮ್ಮನ ರಕ್ತದಿಂದ ಡೌನ್ ಸಿಂಡ್ರೋಮ್ ಪತ್ತೆ ಮಾಡುವ ಎನ್‌ಐಪಿಟಿ ಪರೀಕ್ಷೆ ಡಾಕ್ಟರುಗಳ ಲೆಕ್ಕದಲ್ಲಿ ಹತ್ತನೇ ವಾರದಿಂದ ಮಾಡಬಹುದು. ಫಲಿತಾಂಶ ಬರಲು ಮತ್ತೂ ದಿನ ಬೇಕು. ಅದೇ ಲೆಕ್ಕದಲ್ಲಿ ಹೃದಯದ ನಡುಗೋಡೆ ಹತ್ತನೇ ವಾರದ ಹೊತ್ತಿಗೆ ಮುಗಿದಿರುತ್ತದೆ. ಹಾಗಾಗಿ ಸದ್ಯಕ್ಕೆ ಗರ್ಭದಲ್ಲಿ ಮಾಡಬಹುದಾದದ್ದು ನೋಡುವುದು. 18ರಿಂದ 22 ವಾರದ ಸ್ಕ್ಯಾನಿಂಗ್‌ನಲ್ಲಿ, ಅನುಮಾನ ಬಂದರೆ ಹೊಟ್ಟೆಯಲ್ಲಿರುವ ಮಗುವಿನ ಹೃದಯ ನೋಡುವ ಫೀಟಲ್ ಎಕೋದಲ್ಲಿ, ಎವಿಎಸ್‌ಡಿ ಹೆಚ್ಚಾಗಿ ಕಾಣುತ್ತದೆ. ಕಂಡರೆ ಮಕ್ಕಳ ಹೃದಯತಜ್ಞರಿರುವ ಆಸ್ಪತ್ರೆಯಲ್ಲಿ ಹೆರಿಗೆಗೆ ಏರ್ಪಾಡು ಮಾಡಿ, ಹುಟ್ಟಿದ ವಾರದಲ್ಲೇ ಎಕೋ ಮಾಡಿಸಿ ಹೃದ್ಯಂಗೆ ಹೆಸರು ಕೊಡಬಹುದು.